ಪರದೆಯ ಮೇಲೆ 160: ಆಂಬುಲೆನ್ಸ್ ಕರೆಯುವ ಮುನ್ನ

ಮಿದುಳಿನ ರಕ್ತನಾಳದ ಉಬ್ಬು ಒಡೆದವರನ್ನು ಮಡಿಕೇರಿಯ ನಮ್ಮ ಐಸಿಯುನಿಂದ ಮೈಸೂರಿಗೆ ಕಳುಹಿಸುತ್ತೇವೆ. ಸುಮಾರು 120 ಕಿಲೋಮೀಟರ್ ದಾರಿ. ಆ ಉಬ್ಬನ್ನು ಮುಚ್ಚಲು ಶಸ್ತ್ರಚಿಕಿತ್ಸೆಯಲ್ಲಿ ಕ್ಲಿಪ್ ಹಾಕಿಸಿಕೊಂಡ ಮೇಲೆ ಅಲ್ಲಿನ ಖರ್ಚು ತಾಳಲಾರದೆ ಕೆಲವರು ಬೇಗನೆ ನಮ್ಮಲ್ಲಿಗೆ ಮರಳುತ್ತಾರೆ. ತೊಡಕು ಶುರುವಾಗುವುದು ಆಗಲೇ. ರಕ್ತಸ್ರಾವದ ಮೂರು-ನಾಲ್ಕನೆಯ ದಿನದಿಂದ ಸುಮಾರು ಎರಡು ವಾರದವರೆಗೆ ಮಿದುಳಿನ ನಾಳಗಳು ಸೆಟೆದು ಕಿರಿದಾಗಿ, ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ಇದರಿಂದಾಗುವ ಹಾನಿ ತಗ್ಗಿಸುವ ನಿಮೋಡಿಪಿನ್ ಔಷಧಿಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದರೂ ಈ ಭಯ ಪೂರ್ತಿ ಹೋಗುವುದಿಲ್ಲ.

ನಮ್ಮಲ್ಲಿರುವುದು ಹೃದಯ ನೋಡುವ ಎಕೋ ಯಂತ್ರ. ಶಬ್ದತರಂಗ ಕಳಿಸುವ ಅದರ ಪ್ರೋಬನ್ನೇ (ಕೈಯಲ್ಲಿ ಹಿಡಿಯುವ ಭಾಗ) ಕಿವಿಯ ಮುಂದೆ, ಕೆನ್ನೆಮೂಳೆಗಿಂತ ತುಸು ಮೇಲೆ, ಮೂಳೆ ತೆಳ್ಳಗಿರುವ ಕಡೆ ಒತ್ತಿ ಹಿಡಿಯುತ್ತೇವೆ. ಐದಾರು ಸೆಂಟಿಮೀಟರ್ ಆಳದಲ್ಲಿ ಮಿದುಳಿನ ಮುಖ್ಯ ನಾಳಗಳಲ್ಲೊಂದಾದ ಮಿಡಲ್ ಸೆರೆಬ್ರಲ್ ಆರ್ಟರಿ ಸಿಗುತ್ತದೆ. ತಲೆಬುರುಡೆಯ ಆಚೆಗಿನ ರಕ್ತದ ವೇಗವನ್ನು ಹೀಗೆ ಅಳೆಯಬಹುದೆಂದು ಸಂಶೋಧಕ ರೂನೆ ಆಸ್ಲಿಡ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಆರೋಗ್ಯವಂತರಲ್ಲಿ ಸರಾಸರಿ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಆಸುಪಾಸು. 120 ದಾಟಿದರೆ ಅನುಮಾನ, 200 ದಾಟಿದರೆ ತೀವ್ರ ಸೆಟೆತ.

ಒಂದು ಮಳೆಗಾಲದ ರಾತ್ರಿ ನಮ್ಮ ಕಿರಿಯ ವೈದ್ಯೆ ಓಡಿ ಬಂದರು. "ಸರ್, 160 ಇದೆ. ಮೈಸೂರಿಗೆ ಕಳಿಸಲು ಆಂಬುಲೆನ್ಸ್‌ಗೆ ಹೇಳಿಬಿಡಲೇ?" ರೋಗಿ ಎಚ್ಚರವಾಗಿದ್ದರು, ಎರಡೂ ಕೈ ಎತ್ತುತ್ತಿದ್ದರು. ಜ್ವರವಿತ್ತು, ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. "ಕುತ್ತಿಗೆಯದು ನೋಡಿದಿರಾ?" ಎಂದೆ. ನೋಡಿರಲಿಲ್ಲ. ದವಡೆಯ ಕೆಳಗಿನಿಂದ ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ ಇಂಟರ್ನಲ್ ಕೆರೋಟಿಡ್‌ನ ವೇಗ ಅಳೆದಾಗ ಅಲ್ಲೂ 80.

ಯಂತ್ರ ಹೇಳುವುದು ವೇಗವನ್ನು ಮಾತ್ರ. ಎಷ್ಟು ರಕ್ತ ಹರಿಯಿತು ಎಂಬುದನ್ನಲ್ಲ. ಬೇಸಗೆಯಲ್ಲಿ ದುಬಾರೆಯ ಬಂಡೆಗಳ ಸಂದಿನಲ್ಲಿ ಮಾತ್ರ ಕಾವೇರಿ ರಭಸ. ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಉದ್ದಕ್ಕೂ ರಭಸ. ಮೊದಲನೆಯದು ಸೆಟೆತ, ಎರಡನೆಯದು ರಕ್ತಹೀನತೆಯೋ ಜ್ವರವೋ ತಂದ ಹೆಚ್ಚಿದ ಹರಿವು. ಇವೆರಡನ್ನೂ ಬೇರ್ಪಡಿಸುವುದು ಲಿಂಡೆಗಾರ್ಡ್ ಅನುಪಾತ, ಅಂದರೆ ತಲೆಯೊಳಗಿನ ವೇಗವನ್ನು ಕುತ್ತಿಗೆಯ ವೇಗದಿಂದ ಭಾಗಿಸುವುದು. ಮೂರಕ್ಕಿಂತ ಹೆಚ್ಚಾದರೆ ಸೆಟೆತ, ಆರು ದಾಟಿದರೆ ತೀವ್ರ. ಆ ರಾತ್ರಿ ಸಿಕ್ಕಿದ್ದು ಎರಡು. ಆಂಬುಲೆನ್ಸ್ ಬೇಡವೆಂದೆ. ಅವರನ್ನು ಇಲ್ಲೇ ಇಟ್ಟುಕೊಂಡು ಗಂಟೆಗೊಮ್ಮೆ ಪರೀಕ್ಷಿಸುತ್ತ, ಜ್ವರಕ್ಕೂ ರಕ್ತಹೀನತೆಗೂ ಚಿಕಿತ್ಸೆ ಕೊಟ್ಟೆವು.

ಮುಂದೊಮ್ಮೆ ಇನ್ನೊಬ್ಬರಲ್ಲಿ 150 ಬಂತು, ಕುತ್ತಿಗೆಯಲ್ಲಿ 35. ನೋಡಲು ಸಣ್ಣ ಸಂಖ್ಯೆ, ಆದರೆ ಅನುಪಾತ ನಾಲ್ಕು ದಾಟಿತ್ತು, ಮಾತೂ ತೊದಲತೊಡಗಿತ್ತು. ಅವರನ್ನು ತಡಮಾಡದೆ ಕಳುಹಿಸಿದೆವು.

ವೆಂಟಿಲೇಟರ್‌ನಲ್ಲಿರುವವರ ಇಂಗಾಲದ ಡೈಆಕ್ಸೈಡ್ ಏರಿದರೆ ವೇಗವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದನ್ನು ಬರೆದಿಡದ ಅಳತೆ ನನ್ನ ಮಟ್ಟಿಗೆ ಅರ್ಧ ಅಳತೆ. ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಮೂಳೆಯ ಮೂಲಕ ಏನೂ ಕಾಣುವುದೇ ಇಲ್ಲ. ಎಷ್ಟು ಜೆಲ್ ಸುರಿದರೂ ಅಷ್ಟೇ. ಅಲ್ಲಿ ಹಟ ಹಿಡಿಯದೆ ರೋಗಿಯನ್ನು ಮಾತನಾಡಿಸಿ, ಕೈಕಾಲು ಪರೀಕ್ಷಿಸಿ ತೀರ್ಮಾನಿಸಬೇಕು.

ಒಂದೇ ಅಳತೆಗಿಂತ ನಿನ್ನೆಯದರ ಪಕ್ಕದಲ್ಲಿ ಇಟ್ಟು ನೋಡಿದ ಅಳತೆಗೆ ತೂಕ ಹೆಚ್ಚು. ಒಂದೇ ದಿನದಲ್ಲಿ ವೇಗ 50 ಸೆಂಟಿಮೀಟರ್‌ನಷ್ಟು ಜಿಗಿದರೆ ನಾನು ಸುಮ್ಮನಿರುವುದಿಲ್ಲ. ಹಾಗಾಗಿ ಆದಷ್ಟೂ ಒಬ್ಬರೇ, ಅದೇ ಆಳದಲ್ಲಿ ಅಳೆಯುವಂತೆ ಪಾಳಿ ಹಾಕಿಕೊಂಡಿದ್ದೇವೆ. ಈಗ ನಮ್ಮ ಚಾರ್ಟ್‌ನಲ್ಲಿ ತಲೆ, ಕುತ್ತಿಗೆ, ಅನುಪಾತ, ರಕ್ತದೊತ್ತಡ, ಹಿಮೋಗ್ಲೋಬಿನ್, ವೆಂಟಿಲೇಟರ್‌ನಲ್ಲಿದ್ದರೆ ಇಂಗಾಲದ ಡೈಆಕ್ಸೈಡ್ ಒಂದೇ ಸಾಲಿನಲ್ಲಿ ಇವೆ. ರೋಗಿಯನ್ನು ಕಳುಹಿಸುವಾಗ ಆ ಪುಟದ ನಕಲೂ ಜೊತೆಗೆ ಹೋಗುತ್ತದೆ.