ವೇಲ್ಸ್‌ನಲ್ಲಿ ಕಾರು ಓಡಿಸುವವರು ದೀಪದ ಕಂಬ ನೋಡಬೇಕು

ವೇಲ್ಸ್‌ಗೆ ಕೆಲಸಕ್ಕೋ ಓದಿಗೋ ಬಂದು ಮೊದಲ ಸಲ ಸ್ಟೇರಿಂಗ್ ಹಿಡಿಯುವ ಕನ್ನಡಿಗರಿಗೆ ಎಡಗಡೆ ಓಡಿಸುವುದೇನೂ ಹೊಸದಲ್ಲ, ಊರಲ್ಲೂ ಅದೇ. ತೊಡಕಾಗುವುದು ವೇಗದ ಲೆಕ್ಕ. ಬೀದಿ ಅಗಲವಾಗಿದೆ, ಎರಡೂ ಕಡೆ ಮನೆಗಳಿವೆ, ವೇಗಮಿತಿಯ ಬೋರ್ಡು ಮಾತ್ರ ಎಲ್ಲೂ ಕಾಣುವುದಿಲ್ಲ. ಎಷ್ಟರಲ್ಲಿ ಹೋಗಬೇಕು? ಉತ್ತರ ದೀಪದ ಕಂಬದಲ್ಲಿದೆ. ಕಂಬಗಳು ಒಂದಕ್ಕೊಂದು 200 ಗಜದೊಳಗೆ, ಅಂದರೆ ಸುಮಾರು 183 ಮೀಟರಿನೊಳಗೆ ನಿಂತಿದ್ದು, ಬೇರೆ ಬೋರ್ಡು ಇಲ್ಲದಿದ್ದರೆ ಗಂಟೆಗೆ 20 ಮೈಲಿ. ನಮ್ಮ ಲೆಕ್ಕದಲ್ಲಿ 32 ಕಿಲೋಮೀಟರ್.

2023ರ ಸೆಪ್ಟೆಂಬರ್ 17ರವರೆಗೆ ಇದೇ ಬೀದಿಗಳಲ್ಲಿ ಮಿತಿ 30 ಮೈಲಿ (48 ಕಿ.ಮೀ.) ಇತ್ತು. ವೇಲ್ಸ್‌ನ ಶಾಸನಸಭೆ ಸೆನೆಡ್ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟ ಆದೇಶ ಆ ದಿನ ಜಾರಿಗೆ ಬಂತು. ಸ್ಪೇನ್ 2021ರ ಮೇ ತಿಂಗಳಲ್ಲೇ ಊರೊಳಗಿನ ಒಂದೊಂದು ಲೇನಿನ ರಸ್ತೆಗಳಿಗೆಲ್ಲ 30 ಕಿ.ಮೀ. ಮಿತಿ ಹಾಕಿತ್ತು. ಬ್ರಿಟನ್ನಿನಲ್ಲಿ ಇಡೀ ನಾಡಿಗೆ ಹೀಗೆ ಮಾಡಿದ್ದು ವೇಲ್ಸ್ ಮೊದಲು. ಅಲ್ಲಿಯವರೆಗೆ ಒಂದು ಬೀದಿಯನ್ನು 20ಕ್ಕೆ ಇಳಿಸಬೇಕಾದರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಆ ಬೀದಿಗೆಂದೇ ಪ್ರತ್ಯೇಕ ಆದೇಶ ಹೊರಡಿಸಿ, ಜಾಹೀರಾತು ಕೊಟ್ಟು, ಆಕ್ಷೇಪಣೆ ಕೇಳಬೇಕಿತ್ತು. ಈಗ ಆ ಹೊರೆ 30 ಉಳಿಸಿಕೊಳ್ಳಬೇಕಾದ ಬೀದಿಯ ಮೇಲೆ ಬಿದ್ದಿದೆ.

ಬೋರ್ಡಿನ ಗೊಂದಲ ಹುಟ್ಟುವುದು ಇಲ್ಲೇ. ದೀಪವಿರುವ ಬೀದಿಯಲ್ಲಿ ಸಾಮಾನ್ಯ ಮಿತಿಗೆ ನಡುನಡುವೆ ನೆನಪಿನ ಬೋರ್ಡು ಹಾಕುವುದಿಲ್ಲ. ಅದಕ್ಕಿಂತ ಬೇರೆ ಮಿತಿ ಇದ್ದರಷ್ಟೇ ಕಂಬಗಳ ಮೇಲೆ ಸಣ್ಣ ದುಂಡು ಬೋರ್ಡುಗಳು ಮರುಕಳಿಸುತ್ತವೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಮಿತಿ 30, ಹಾಗಾಗಿ 20ಕ್ಕೆ ಸಣ್ಣ ಬೋರ್ಡು. ವೇಲ್ಸ್‌ನಲ್ಲಿ ತಿರುವುಮುರುವು: 30ಕ್ಕೆ ಸಣ್ಣ ಬೋರ್ಡು, 20 ಇರುವಲ್ಲಿ ಬರೀ ಕಂಬ. ಇಂಗ್ಲೆಂಡಿನಲ್ಲಿ ಕಲಿತು ಕಾರ್ಡಿಫ್‌ಗೆ ಬಂದವರ ಕಣ್ಣು ಖಾಲಿ ಕಂಬ ಕಂಡರೆ ‘30’ ಎಂದೇ ಓದುತ್ತದೆ. ಚೆಸ್ಟರ್ ಪಕ್ಕದ ಸಾಲ್ಟ್ನಿಯಂಥ ಊರಿನ ನಡುವೆಯೇ ಇಂಗ್ಲೆಂಡ್-ವೇಲ್ಸ್ ಗಡಿ ಹಾದುಹೋಗುತ್ತದೆ. ಮಿತಿ ಬದಲಾಗುವಲ್ಲಿ ನೆಟ್ಟ ಬೋರ್ಡನ್ನು ತಪ್ಪಿಸಿಕೊಂಡರೆ ಮುಂದೆ ಎಚ್ಚರಿಸುವವರಿಲ್ಲ. ಫೋನಿನ ಮ್ಯಾಪನ್ನಾಗಲಿ ಹಳೆಯ ಕಾರಿನ ನ್ಯಾವಿಗೇಶನನ್ನಾಗಲಿ ನೆಚ್ಚಬೇಡಿ. ಅಪ್‌ಡೇಟ್ ಮಾಡದ ನಕ್ಷೆಯಲ್ಲಿ ವೇಲ್ಸ್ ಇನ್ನೂ 30ರಲ್ಲೇ ಇರುತ್ತದೆ.

ಹತ್ತು ಮೈಲಿ ಇಳಿಸಿದ್ದರಿಂದ ಏನಾಯಿತು ಎನ್ನುವವರು ಬ್ರೇಕಿನ ಲೆಕ್ಕ ನೋಡಬೇಕು. ಇಲ್ಲಿನ ಡ್ರೈವಿಂಗ್ ಪರೀಕ್ಷೆಗೆ ಬಾಯಿಪಾಠ ಮಾಡುವ ಹೈವೇ ಕೋಡ್ ಪ್ರಕಾರ 20 ಮೈಲಿಯಲ್ಲಿರುವ ಕಾರು, ಡ್ರೈವರ್ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 6 ಮೀಟರ್ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನು 6. ಒಟ್ಟು 12ರಲ್ಲಿ ನಿಲ್ಲುತ್ತದೆ. 30ರಲ್ಲಾದರೆ 9 ಮತ್ತು 14, ಒಟ್ಟು 23. ಈಗ 12 ಮೀಟರ್ ಮುಂದೆ, ನಿಂತ ವ್ಯಾನಿನ ಮರೆಯಿಂದ ಮಗುವೊಂದು ಚೆಂಡಿನ ಹಿಂದೆ ಓಡಿಬಂತು ಅನ್ನಿ. 20ರ ಕಾರು ಮಗುವಿನ ಮುಂದೆ ನಿಂತಿರುತ್ತದೆ. 30ರ ಕಾರು ಅದೇ ಜಾಗ ಮುಟ್ಟುವಾಗ ಬ್ರೇಕ್ ಹಿಡಿದು ಬರೀ 3 ಮೀಟರ್ ಆಗಿರುತ್ತದೆ. ವೇಗ ಇನ್ನೂ ಸುಮಾರು 27 ಮೈಲಿ, ಅಂದರೆ 43 ಕಿ.ಮೀ. ಒಂದು ನಿಂತಿದೆ, ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ವೇಗದಲ್ಲಿ ಗುದ್ದುತ್ತದೆ. ಇದು ಒಣ ರಸ್ತೆಯ ಲೆಕ್ಕ. ವೇಲ್ಸ್‌ನಲ್ಲಿ ರಸ್ತೆ ಒಣಗಿರುವ ದಿನಗಳೇ ಅಪರೂಪ.

ಸಮಯದ ನಷ್ಟವನ್ನೂ ಹೀಗೇ ಬಿಡಿಸಬಹುದು. ಎಲ್ಲೂ ನಿಲ್ಲದೆ ಹೋದರೆ ಒಂದು ಮೈಲಿಗೆ 30ರಲ್ಲಿ ಎರಡು ನಿಮಿಷ, 20ರಲ್ಲಿ ಮೂರು. ಸಿಗ್ನಲ್, ಜೀಬ್ರಾ ಕ್ರಾಸಿಂಗ್ ಇರುವ ಬೀದಿಯಲ್ಲಿ ಆ ಒಂದು ನಿಮಿಷವೂ ಪೂರ್ತಿ ಹೋಗುವುದಿಲ್ಲ. ಊರಿಂದೂರಿಗೆ ಸುತ್ತುವ ಬಸ್ಸಿಗೆ ಮಾತ್ರ ಕೂಡಿ ಕೂಡಿ ಹೊರೆಯಾಗುತ್ತದೆ, ಆ ದೂರು ಸುಳ್ಳಲ್ಲ.

ನಮ್ಮ ಊರುಗಳಲ್ಲಿ ವೇಗ ತಗ್ಗಿಸುವುದು ಬೋರ್ಡಲ್ಲ, ಹಂಪು. ಕೇಂದ್ರದ 2018ರ ಅಧಿಸೂಚನೆ ಊರೊಳಗಿನ ರಸ್ತೆಯಲ್ಲಿ ಕಾರಿಗೆ 70 ಕಿ.ಮೀ. ಗರಿಷ್ಠ ಮಿತಿ ಎಂದರೂ ಬೀದಿಯವರು ಬಣ್ಣವಿಲ್ಲದ ಹಂಪು ಹಾಕಿಸಿ ಅದನ್ನು 10ಕ್ಕೆ ಇಳಿಸಿರುತ್ತಾರೆ. ಇಲ್ಲಿಯೂ ಹಂಪು, ಕಿರಿದಾಗಿಸಿದ ತಿರುವು ಇರುವ ಪ್ರದೇಶಗಳಿಗೆ ‘20 ಝೋನ್’ ಎಂದು ಬೇರೆ ಹೆಸರಿದೆ. 2023ರ ಬದಲಾವಣೆಯಲ್ಲಿ ರಸ್ತೆಯ ಆಕಾರವನ್ನು ಮುಟ್ಟಲಿಲ್ಲ, ಅಂಕಿಯನ್ನಷ್ಟೇ ಬದಲಿಸಿದರು. ಫಲಿತಾಂಶವೂ ಅದಕ್ಕೆ ತಕ್ಕಂತೆ: ಮೊದಲು ಪ್ರಯೋಗಕ್ಕೆ ತೆಗೆದುಕೊಂಡ ಊರುಗಳ ಮುಖ್ಯ ರಸ್ತೆಗಳಲ್ಲಿ ಸರಾಸರಿ ವೇಗ 28.9ರಿಂದ 24.8 ಮೈಲಿಗೆ ಬಂತು. 20ಕ್ಕೆ ಇಳಿಯಲಿಲ್ಲ, ಇಳಿಯುತ್ತದೆಂದು ಬಲ್ಲವರು ಅಂದುಕೊಂಡೂ ಇರಲಿಲ್ಲ. ಆದರೂ ಆ ನಾಲ್ಕು ಮೈಲಿ ಕೆಲಸ ಮಾಡಿದಂತೆ ಕಾಣುತ್ತದೆ. 2023ರ ಕೊನೆಯ ಮೂರು ತಿಂಗಳಲ್ಲಿ 20 ಮತ್ತು 30ರ ರಸ್ತೆಗಳಲ್ಲಿ ಸತ್ತವರು, ಗಾಯಗೊಂಡವರು ಸೇರಿ 463. ಹಿಂದಿನ ವರ್ಷದ ಅದೇ ಅವಧಿಯಲ್ಲಿ 681. ಮೂರು ತಿಂಗಳ ಅಂಕಿಯನ್ನು ಇಟ್ಟುಕೊಂಡು ಗೆದ್ದೆವೆನ್ನುವುದು ಆತುರ, ಸೋತರೆನ್ನುವುದು ಇನ್ನೂ ದೊಡ್ಡ ಆತುರ.

ಜನ ಸುಮ್ಮನೆ ಒಪ್ಪಲಿಲ್ಲ. ಸುಮಾರು 31 ಲಕ್ಷ ಜನರ ನಾಡಿನಲ್ಲಿ ರದ್ದತಿ ಕೋರಿದ ಮನವಿಗೆ ಬಿದ್ದ ಸಹಿ 4.69 ಲಕ್ಷಕ್ಕೂ ಹೆಚ್ಚು, ಸೆನೆಡ್‌ನ ದಾಖಲೆ. ಮಕ್ಕಳು ಆಡುವ ಗಲ್ಲಿಯ ಬಗ್ಗೆ ಹೆಚ್ಚಿನವರ ತಕರಾರು ಇರಲಿಲ್ಲ. ಊರಂಚಿನಲ್ಲಿ ಮನೆ ವಿರಳವಾಗಿದ್ದೂ ದೀಪವಿದೆ ಎಂಬ ಒಂದೇ ಕಾರಣಕ್ಕೆ 20ಕ್ಕೆ ಬಿದ್ದ ಹೆದ್ದಾರಿ ತುಂಡುಗಳೇ ಸಿಟ್ಟಿನ ಮೂಲ. ಶಾಲೆ, ಆಸ್ಪತ್ರೆ, ಸಮುದಾಯ ಭವನದಿಂದ 100 ಮೀಟರ್ ನಡಿಗೆಯೊಳಗಿದ್ದರೆ, ಅಥವಾ ಕಿಲೋಮೀಟರಿಗೆ 20ಕ್ಕಿಂತ ಹೆಚ್ಚು ಮನೆ-ಅಂಗಡಿಗಳು ರಸ್ತೆಗೆ ಮುಖ ಮಾಡಿದ್ದರೆ 20 ಇರಲಿ ಎಂಬ ಅಳತೆಗೋಲನ್ನು ಕೌನ್ಸಿಲ್‌ಗಳಿಗೆ ಮೊದಲೇ ಕೊಟ್ಟಿದ್ದರು. ಕೆಲವು ಕೌನ್ಸಿಲ್‌ಗಳು ವಿನಾಯಿತಿಯನ್ನು ಧಾರಾಳವಾಗಿ ಕೊಟ್ಟವು, ಕೆಲವು ಕೈ ಬಿಗಿ ಹಿಡಿದವು. ಕಾರಣ ಸರಳ: ವಿನಾಯಿತಿ ಕೊಟ್ಟ ರಸ್ತೆಯಲ್ಲಿ ಸಾವಾದರೆ ಸಹಿ ಹಾಕಿದ ಅಧಿಕಾರಿ ಉತ್ತರ ಕೊಡಬೇಕು. 2024ರ ಜುಲೈನಲ್ಲಿ ಸರ್ಕಾರ ಮಾರ್ಗಸೂಚಿ ಸಡಿಲಿಸಿತು. ಅಂದಿನಿಂದ ಕೆಲವು ರಸ್ತೆಗಳು 30ಕ್ಕೆ ಮರಳುತ್ತಿವೆ, ಆದ್ದರಿಂದ ಹೋದ ವರ್ಷದ ನೆನಪಿನ ಮೇಲೆ ಓಡಿಸಬೇಡಿ.

ಕಾರಿನೊಳಗಿನ ಮಾತು. ಮ್ಯಾನ್ಯುಯಲ್ ಗಾಡಿಯಲ್ಲಿ ಸಮತಟ್ಟಿನ ಬೀದಿಗೆ ಮೂರನೇ ಗೇರ್ ಸಾಕು, ಏರಿಗೂ ಇಳುಕಲಿಗೂ ಎರಡನೆಯದು. ಇಳುಕಲಿನಲ್ಲಿ ಮೂರರಲ್ಲೇ ಬಿಟ್ಟರೆ ಗಾಡಿ ತಾನಾಗಿ 25 ದಾಟುತ್ತದೆ, ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ. ಕ್ರೂಸ್ ಕಂಟ್ರೋಲ್ ಇಷ್ಟು ಕಡಿಮೆ ವೇಗದಲ್ಲಿ ಎಷ್ಟೋ ಕಾರುಗಳಲ್ಲಿ ಹಿಡಿಯುವುದಿಲ್ಲ. ಅದರ ಪಕ್ಕದ ಸ್ಪೀಡ್ ಲಿಮಿಟರ್ ಬೇರೆ ಗುಂಡಿ, ಅದನ್ನು 20ಕ್ಕೆ ಇಟ್ಟರೆ ಎಷ್ಟು ತುಳಿದರೂ ಮೇಲೇರುವುದಿಲ್ಲ. ಕೊನೆಯವರೆಗೂ ಒತ್ತಿ ತುಳಿದರೆ ಮಾತ್ರ ಬಿಟ್ಟುಕೊಡುತ್ತದೆ. ಇಳುಕಲಿನಲ್ಲಿ ಎಲ್ಲ ಕಾರಿನ ಲಿಮಿಟರೂ ಬ್ರೇಕ್ ಹಾಕುವುದಿಲ್ಲ, ನೆನಪಿರಲಿ. ಸ್ಪೀಡೋಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ ಎಂಬುದು ಕಾನೂನು, ತುಸು ಹೆಚ್ಚೇ ತೋರಿಸುತ್ತದೆ.

ಜಾರಿಯ ಶುರುವಿನಲ್ಲಿ ವೇಲ್ಸ್ ಪೊಲೀಸರು 26 ಮೈಲಿಯಿಂದ ಮೇಲೆ ಕ್ರಮ ಕೈಗೊಳ್ಳುತ್ತಿದ್ದರು. ಅದು ಅವರ ಸಡಿಲಿಕೆ, ನಮ್ಮ ಹಕ್ಕಲ್ಲ. ಕನಿಷ್ಠ ಶಿಕ್ಷೆ 100 ಪೌಂಡ್ ದಂಡ ಮತ್ತು ಲೈಸೆನ್ಸಿಗೆ 3 ಪಾಯಿಂಟ್ (ತಪ್ಪಿನ ಲೆಕ್ಕಕ್ಕೆ ಬೀಳುವ ಅಂಕ). ವೇಗ ತೀರ ಹೆಚ್ಚಿಲ್ಲದಿದ್ದು, ಹಿಂದಿನ ಮೂರು ವರ್ಷದಲ್ಲಿ ಈ ಅವಕಾಶ ಬಳಸಿಲ್ಲದಿದ್ದರೆ ಪಾಯಿಂಟ್ ಬದಲು ದುಡ್ಡು ಕಟ್ಟಿ ತರಗತಿಗೆ ಕೂರುವ ಅವಕಾಶ ಕೊಡಬಹುದು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಓಡಿಸಬಹುದು, ಆಮೇಲೆ ಪರೀಕ್ಷೆ ಪಾಸಾಗಲೇಬೇಕು. ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದು, ಮತ್ತೆ ಎಲ್‌ ಬೋರ್ಡಿನಿಂದ ಶುರು. ಬೆಂಗಳೂರಿನಲ್ಲಿ ಹದಿನೈದು ವರ್ಷ ಪಳಗಿದ ಕೈಯೂ ಇಲ್ಲಿ ‘ಹೊಸ ಡ್ರೈವರ್’.

ಕ್ಯಾಮೆರಾದಲ್ಲಿ ಸಿಕ್ಕರೆ ನೋಟಿಸು 14 ದಿನದೊಳಗೆ ಗಾಡಿ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರಿಗೆ ಬರುತ್ತದೆ. ಲೀಸ್ ಗಾಡಿಯಾದರೆ ಮೊದಲು ಕಂಪನಿಗೆ, ನಿಮಗೆ ತಡವಾಗಿ. 28 ದಿನದೊಳಗೆ ಯಾರು ಓಡಿಸುತ್ತಿದ್ದರೆಂದು ತಿಳಿಸದಿದ್ದರೆ ಅದೇ ಬೇರೆ ಅಪರಾಧ, 6 ಪಾಯಿಂಟ್. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮವರು ಎಡವುವುದು ಇಲ್ಲಿ: ಲೈಸೆನ್ಸಿನ ವಿಳಾಸ ಬದಲಿಸಿ ಸುಮ್ಮನಾಗುತ್ತಾರೆ, ಗಾಡಿಯ ಲಾಗ್‌ಬುಕ್ಕಿನಲ್ಲಿ (ನೋಂದಣಿ ಪತ್ರದಲ್ಲಿ) ಹಳೆಯ ವಿಳಾಸವೇ ಉಳಿದಿರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಬದಲಿಸಬೇಕು. ಆನ್‌ಲೈನಿನಲ್ಲಿ ಎರಡಕ್ಕೂ ದುಡ್ಡಿಲ್ಲ.