14 ಸಂಪುಟ, 24 ಕಂತು: ನಮ್ಮ ಖಾತೆ ಪುಸ್ತಕ ಎಲ್ಲಿಗೆ ಬಂತು

ನಿನ್ನೆ ರಾತ್ರಿ 11 ಗಂಟೆಗೆ, 'ದ ವೀಲ್ ಆಫ್ ಟೈಮ್' ಟಿವಿ ಸರಣಿಯ 20ನೆಯ ಕಂತಿನ ಕೊನೆಯ ಚೀಟಿಯನ್ನು ಖಾತೆ ಪುಸ್ತಕದಲ್ಲಿ ಅಂಟಿಸಿದೆವು. ಇನ್ನು 4 ಕಂತು ಉಳಿದಿವೆ. ಮಾಳಮಡ್ಡಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಕೆಲಸ ಇದು. ಧಾರವಾಡದ ಜಿಟಿಜಿಟಿ ಮಳೆ ನಿಲ್ಲುವುದರೊಳಗೆ ಮುಗಿಸಬೇಕೆಂದು ಹಾಕಿಕೊಂಡ ಲೆಕ್ಕ ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು.

ಕೆಲಸ ಇಷ್ಟು: ರಾಬರ್ಟ್ ಜೋರ್ಡಾನ್ ಅವರ 'ದ ವೀಲ್ ಆಫ್ ಟೈಮ್' ಎಂಬ ಮಾಯಾಲೋಕದ (ಫ್ಯಾಂಟಸಿ) ಕಾದಂಬರಿ ಮಾಲೆಯನ್ನು ಆಧರಿಸಿದ ಟಿವಿ ಸರಣಿಯ ಮೂರೂ ಸೀಸನ್‌ಗಳನ್ನು, ಒಟ್ಟು 24 ಕಂತುಗಳನ್ನು, ದೃಶ್ಯಕ್ಕೆ ದೃಶ್ಯ ಪುಸ್ತಕದೊಂದಿಗೆ ತಾಳೆ ನೋಡುವುದು. ಮಾಲೆಯ ಮೊದಲ ಸಂಪುಟ ಬಂದದ್ದು 1990ರಲ್ಲಿ, 14ನೆಯದು 2013ರಲ್ಲಿ. ಎಲ್ಲ ಸೇರಿ ಸುಮಾರು 44 ಲಕ್ಷ ಪದಗಳು. ಸರಣಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ 2021ರ ನವೆಂಬರ್‌ನಲ್ಲಿ ಶುರುವಾಯಿತು, 2025ರ ಮೇ ತಿಂಗಳಲ್ಲಿ ರದ್ದಾಯಿತು. ರದ್ದಾದ ಸುದ್ದಿ ಬಂದ ವಾರವೇ ನಮ್ಮ ನಾಲ್ವರ ನಡುವೆ ವಾದ ಹತ್ತಿಕೊಂಡಿತು. ಪುಸ್ತಕಕ್ಕೆ ದ್ರೋಹ ಮಾಡಿದ್ದರಿಂದಲೇ ಸರಣಿ ಮುಳುಗಿತು ಎಂದು ನಾನು ಹೇಳಿದೆ. ಆ ಮಾತನ್ನು ಸಾಬೀತು ಮಾಡಲಿಕ್ಕೆಂದೇ ಖಾತೆ ಪುಸ್ತಕ ತಂದೆ.

ಉಳಿದ ಮೂವರಲ್ಲಿ ಒಬ್ಬರು ನವನಗರದ ಅಕ್ಕಾವರು; ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, 14 ಸಂಪುಟಗಳನ್ನೂ ಎರಡು ಸಲ ಓದಿದವರು. ಇನ್ನೊಬ್ಬ ಗದಗಿನ ಗೆಳೆಯ, ಭಾನುವಾರ ಬೆಳಗಿನ ರೈಲಿಗೆ ಬರುತ್ತಾನೆ. ಮತ್ತೊಬ್ಬ ವಿದ್ಯಾನಗರದ ಹುಡುಗ, ಎಂಜಿನಿಯರಿಂಗ್ ವಿದ್ಯಾರ್ಥಿ. ಅವನು ಪುಸ್ತಕವನ್ನು ಮುಟ್ಟಿರಲಿಲ್ಲ, ಸರಣಿಯನ್ನು ಮಾತ್ರ ನೋಡಿದ್ದ. ಅವನನ್ನು ಸೇರಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. "ಓದಿದವರೇ ತೂಗಿದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ, ತಮ್ಮನೂ ಇರಲಿ" ಎಂದು ಅಕ್ಕಾವರು ಹಟ ಹಿಡಿದರು.

ಮೊದಲ ವಿಧಾನ ಸರಳವಾಗಿತ್ತು. ಪುಸ್ತಕದಲ್ಲಿ ಇದ್ದಂತೆಯೇ ಬಂದ ದೃಶ್ಯಕ್ಕೆ ಹಸಿರು ಚೀಟಿ, ಜಾಗವೋ ಕಾಲವೋ ಬದಲಾದರೆ ಹಳದಿ, ಹೊಸದಾಗಿ ಹುಟ್ಟಿಸಿದ್ದಕ್ಕೆ ಕೆಂಪು. ಮೊದಲ ಸೀಸನ್ನಿನ 8 ಕಂತು ಮುಗಿಯುವ ಹೊತ್ತಿಗೆ ಪುಟಗಳೆಲ್ಲ ಕೆಂಪಾಗಿದ್ದವು. ನಾನು ಗೆದ್ದೆನೆಂದುಕೊಂಡೆ. ಆಗ ಹುಡುಗ ಕೇಳಿದ: "ಕೆಂಪು ಚೀಟಿಗಳೆಲ್ಲ ಒಂದೇ ತೂಕದವೇನು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ಕೆಂಪು ಚೀಟಿಗಳನ್ನು ಪಕ್ಕದಲ್ಲಿಟ್ಟು ನೋಡಿದೆವು. ಒಂದು, ಮೊದಲ ಕಂತಿನದು. ಕಮ್ಮಾರ ಪೆರಿನ್‌ಗೆ ಸರಣಿಯವರು ಮದುವೆ ಮಾಡಿಸಿದ್ದಾರೆ. ಟ್ರಾಲಕ್ ಎಂಬ ರಾಕ್ಷಸರು ಊರಿನ ಮೇಲೆ ಬಿದ್ದ ಗದ್ದಲದಲ್ಲಿ ಅವನ ಕೊಡಲಿಗೇ ಹೆಂಡತಿ ಬಲಿಯಾಗುತ್ತಾಳೆ. ಪುಸ್ತಕದ ಪೆರಿನ್ ಆಗಿನ್ನೂ ಮದುವೆಯಾಗದ ಹುಡುಗ. ಕೊಡಲಿಯ ಬಗೆಗಿನ ಹೇಸಿಕೆ ಅವನಲ್ಲಿ ನಿಧಾನವಾಗಿ, ಸಂಪುಟದಿಂದ ಸಂಪುಟಕ್ಕೆ ಬೆಳೆಯುತ್ತದೆ. ಇನ್ನೊಂದು, 4ನೆಯ ಕಂತಿನದು. ಪುಸ್ತಕದ ಮೊದಲ ಸಂಪುಟದಲ್ಲಿ ಲೋಗೇನ್ ಎಂಬ ಸೆರೆಯಾಳು ಪಂಜರದಲ್ಲಿ ಹಾದುಹೋಗುವುದಷ್ಟೇ ಕಾಣುತ್ತದೆ. ಸರಣಿ ಅವನಿಗೆ ಹೆಚ್ಚುಕಡಿಮೆ ಇಡೀ ಕಂತನ್ನು ಕೊಟ್ಟಿತು. ಮಾಂತ್ರಿಕ ಶಕ್ತಿ ಕೈಗೆ ಬಂದ ಗಂಡಸಿಗೆ ಹುಚ್ಚು ಹೇಗೆ ಹಿಡಿಯುತ್ತದೆ, ಜನ ಅವನಿಗೆ ಯಾಕೆ ಹೆದರುತ್ತಾರೆ ಎನ್ನುವುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಕೊನೆಯಲ್ಲಿ ಪೆರಿನ್‌ನ ಊರಿನ ವೈದ್ಯೆ ನೈನೀವ್ ಸಿಡಿದೇಳುವಾಗ ಅಕ್ಕಾವರು ಕನ್ನಡಕ ತೆಗೆದು ಒರೆಸಿಕೊಂಡರು.

ಎರಡೂ ಪುಸ್ತಕದಲ್ಲಿ ಇಲ್ಲದ್ದೇ. ಆದರೆ ಲೋಗೇನನ ಕಂತಿನಿಂದ, ಅಂಥದೇ ಶಕ್ತಿಯುಳ್ಳ ಕಥಾನಾಯಕ ರ‍್ಯಾಂಡ್‌ನ ಮುಂದಿನ ಭಯವೆಲ್ಲ ಹುಟ್ಟುತ್ತದೆ. ಪೆರಿನ್‌ನ ಹೆಂಡತಿಯ ಸಾವಿನಿಂದ ಆ ಸೀಸನ್ನಿನಲ್ಲಿ ಹುಟ್ಟಿದ್ದು ಅವನ ಮೌನ ಮಾತ್ರ. ಅಷ್ಟು ದೊಡ್ಡ ಗಾಯ ಮಾಡಿ, ಅದಕ್ಕೆ ಮಾತು ಕೊಡಲು ಸಮಯ ಇಟ್ಟುಕೊಳ್ಳಲಿಲ್ಲ. ನನ್ನ ಕೋಪಕ್ಕೆ ನಿಜವಾದ ಕಾರಣ ಸಿಕ್ಕಿದ್ದು ಇಲ್ಲಿ. ಬದಲಾಯಿಸಿದ್ದಾರೆ ಎಂಬ ಸಿಟ್ಟು ಕರಗಿ, ಬಿತ್ತಿದ್ದನ್ನು ಬೆಳೆಯಲಿಲ್ಲ ಎಂಬ ಸಂಕಟ ಉಳಿಯಿತು.

ಹಾಗಾಗಿ ಖಾತೆ ಪುಸ್ತಕದಲ್ಲಿ ಹೊಸ ಕಾಲಮ್ಮು ಎಳೆದೆವು: 'ಇದರಿಂದ ಮುಂದೆ ಏನು ಹುಟ್ಟಿತು?' ಮೊದಲ 8 ಕಂತುಗಳನ್ನು ಮತ್ತೆ ನೋಡಬೇಕಾಯಿತು. ಮೂರು ಭಾನುವಾರ ಹೋದವು.

ಮರುವಾರವೇ ಇನ್ನೊಂದು ಕಾಲಮ್ಮು ಬೇಕಾಯಿತು, ಕಥಾನಾಯಕನ ಗೆಳೆಯ ಮ್ಯಾಟ್‌ನ ದೆಸೆಯಿಂದ. ಮೊದಲ ಸೀಸನ್ನಿನ ಕೊನೆಯ ಎರಡು ಕಂತುಗಳಲ್ಲಿ ಅವನು ಗೆಳೆಯರನ್ನು ಬಿಟ್ಟು ಹಿಂದೆಯೇ ಉಳಿಯುತ್ತಾನೆ. ಪುಸ್ತಕದಲ್ಲಿ ಹೀಗಿಲ್ಲ. ಬರೆದವರಿಗೆ ಮ್ಯಾಟ್ ಅರ್ಥವೇ ಆಗಿಲ್ಲ ಎಂದು ನಾನು ವರ್ಷಗಟ್ಟಲೆ ವಾದಿಸಿದ್ದೆ. ನಡೆದದ್ದು ಬೇರೆ. 2020ರಲ್ಲಿ ಕೋವಿಡ್‌ನಿಂದ ಚಿತ್ರೀಕರಣ ನಿಂತು, ಮತ್ತೆ ಶುರುವಾದಾಗ ಮ್ಯಾಟ್ ಪಾತ್ರದ ಬಾರ್ನಿ ಹ್ಯಾರಿಸ್ ಮರಳಲಿಲ್ಲ. ಇದ್ದ ಕಥೆಯನ್ನೇ ಅವನಿಲ್ಲದೆ ಹೊಲಿಯಬೇಕಾಯಿತು. ಎರಡನೆಯ ಸೀಸನ್‌ನಿಂದ ಡೋನಲ್ ಫಿನ್ ಆ ಪಾತ್ರಕ್ಕೆ ಬಂದರು. ಅವರಲ್ಲಿ ನನ್ನ ಮ್ಯಾಟ್ ನನಗೆ ಸಿಕ್ಕ. ಈಗ ಪ್ರತಿ ಕೆಂಪು ಚೀಟಿಯ ಪಕ್ಕದಲ್ಲಿ ಕಾರಣ ಕಥೆಯದೋ ಚಿತ್ರೀಕರಣದ್ದೋ ಎಂದು ಗುರುತು ಹಾಕುತ್ತೇವೆ. ಇಷ್ಟು ದಿನ ನಾನು ಆಡಿದ ಕೆಲವು ಮಾತುಗಳು ಅನ್ಯಾಯದವು ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಆ ಸೀಸನ್ನಿನ ಕೊನೆಯ ಕಂತನ್ನು ಒಪ್ಪಲಾರೆ. ಟಾರ್ವಿನ್ ಕಣಿವೆಯಲ್ಲಿ ದೈತ್ಯಸೇನೆಯನ್ನು ಸುಡುವವನು ಪುಸ್ತಕದಲ್ಲಿ ರ‍್ಯಾಂಡ್. ಸರಣಿಯಲ್ಲಿ ಆ ಕೆಲಸ ಐವರು ಹೆಂಗಸರ ಪಾಲಾಗಿದೆ, ತರಬೇತಿಯೇ ಇಲ್ಲದ, ಅವನದೇ ಊರಿನ ಎಗ್ವೀನ್ ಮತ್ತು ನೈನೀವ್ ಅವರಲ್ಲಿ ಇಬ್ಬರು. ಹೆಂಗಸರು ಗೆದ್ದದ್ದಕ್ಕೆ ನನ್ನ ತಕರಾರಿಲ್ಲ. ತಾನು ಯಾರೆಂದು ರ‍್ಯಾಂಡ್‌ಗೆ ಮೈ ನಡುಗಿ ಗೊತ್ತಾಗುವ ಗಳಿಗೆಯೇ ಅಲ್ಲಿ ಕೈಬಿಟ್ಟುಹೋಯಿತು.

ಜುಲೈ ತಿಂಗಳ ಒಂದು ಭಾನುವಾರವಿಡೀ ಒಂದೂ ಕಂತು ನೋಡಲಿಲ್ಲ. ಗದಗಿನ ಗೆಳೆಯ ಗಿರ್ಮಿಟ್ ತಟ್ಟೆಯನ್ನು ಬದಿಗಿಟ್ಟು ಕುಮಾರವ್ಯಾಸನನ್ನು ತೆಗೆದ. ವೀರನಾರಾಯಣ ಗುಡಿಯ ನೆರಳಿನಲ್ಲಿ ಬೆಳೆದವನು, ಮನೆಯಲ್ಲಿ ಗಮಕ ಕೇಳಿದವನು. ಅವನ ವಾದ ಹೀಗಿತ್ತು: ವ್ಯಾಸರ ಭಾರತವನ್ನು ಎತ್ತಿಕೊಂಡ ಕವಿ ಅದನ್ನು ಕೃಷ್ಣಕಥೆ ಮಾಡಿದ, ಕೃಷ್ಣನನ್ನು ನಡುವೆ ನಿಲ್ಲಿಸಿದ, ಬೇಕಾದದ್ದನ್ನು ಹಿಗ್ಗಿಸಿದ, ಬೇಡವಾದದ್ದನ್ನು ಬಿಟ್ಟ. ಗದಗಿನಲ್ಲಿ ಯಾರೂ ಅದನ್ನು ದ್ರೋಹ ಎನ್ನುವುದಿಲ್ಲ. ಹಾಗಿದ್ದಮೇಲೆ ರ‍್ಯಾಂಡ್‌ನ ಕಥೆಯ ನಡುವೆ, ಅವನನ್ನು ಹುಡುಕಿ ಬಂದ ಮಾಂತ್ರಿಕೆ ಮೊರೇನ್‌ಳನ್ನು ನಿಲ್ಲಿಸಿದರೆ ತಪ್ಪೇನು? ರೊಸಮಂಡ್ ಪೈಕ್ ಆ ಪಾತ್ರವನ್ನು ಹೊತ್ತ ಬಗೆಯನ್ನು ನೋಡಿದವರು ತಪ್ಪೆನ್ನಲಾರರು.

ಅಕ್ಕಾವರು ಒಪ್ಪಲಿಲ್ಲ. ಕುಮಾರವ್ಯಾಸನಿಗೆ ಷಟ್ಪದಿಗಳನ್ನು ಬೇಕಾದಷ್ಟು ಹಬ್ಬಿಸುವ ಸ್ವಾತಂತ್ರ್ಯವಿತ್ತು, ಇವರಿಗೆ ಸೀಸನ್ನಿಗೆ 8 ಕಂತು. ನಡುವಿನ ಕಂಬವನ್ನು ಸರಿಸಿದರೆ ತೊಲೆಗಳನ್ನೂ ಸರಿಸಬೇಕು, ಅದಕ್ಕೆ ಇವರಿಗೆ ಜಾಗವಿರಲಿಲ್ಲ ಎಂದರು. ವಾದ ಅಲ್ಲಿಂದ ಇನ್ನೊಂದು ಕಡೆ ಹೊರಳಿತು. ಕುಮಾರವ್ಯಾಸ 10 ಪರ್ವ ಬರೆದು ನಿಲ್ಲಿಸಿದ. ಉಳಿದ 8 ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಜೋರ್ಡಾನ್ 2007ರಲ್ಲಿ ತೀರಿಕೊಂಡಾಗ ಅವರ ಹೆಂಡತಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಹುಡುಕಿದರು. ಸ್ಯಾಂಡರ್ಸನ್ ಅವರು ಜೋರ್ಡಾನ್ ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಕೊನೆಯ 3 ಸಂಪುಟಗಳನ್ನು ಬರೆದು ಮುಗಿಸಿದರು. ಪುಸ್ತಕಕ್ಕೆ ತಿಮ್ಮಣ್ಣ ಸಿಕ್ಕ, ಸರಣಿಗೆ ಸಿಗಲಿಲ್ಲ. ಗೆಳೆಯ ಇದನ್ನು ಹೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎರಡನೆಯ ಸೀಸನ್ ಬೇಗ ಮುಗಿಯಿತು. ಎಗ್ವೀನ್ ಕೊರಳಿಗೆ ಮಾಯದ ಪಟ್ಟಿ ಬಿದ್ದು ಸೆರೆಯಾಗುವ ಭಾಗವನ್ನು ನಾಲ್ವರೂ ಒಂದೇ ಮಾತಿನಲ್ಲಿ ಮೆಚ್ಚಿದೆವು. ನೀರಿನ ಹೂಜಿಯನ್ನು ಎತ್ತಿಕೊಳ್ಳಲಿಕ್ಕೂ ಆಗದ ಆ ಹಿಂಸೆಗೆ ಮ್ಯಾಡಲೀನ್ ಮ್ಯಾಡೆನ್ ಕೊಟ್ಟ ಮುಖವನ್ನು ನಾನು ಮರೆಯಲಾರೆ.

ಇನ್ನು ನಿನ್ನೆಯ ಕಂತು, ಮೂರನೆಯ ಸೀಸನ್ನಿನ ನಾಲ್ಕನೆಯದು. ರ‍್ಯಾಂಡ್ ರೂಯಿಡಿಯನ್ ನಗರದ ಗಾಜಿನ ಕಂಬಗಳ ನಡುವೆ ನಡೆದು, ತನ್ನ ಪೂರ್ವಜರ ಬದುಕನ್ನು ಒಬ್ಬರ ಹಿಂದೆ ಒಬ್ಬರಂತೆ, ಕಾಲದಲ್ಲಿ ಹಿಂದಕ್ಕೆ ಹಿಂದಕ್ಕೆ ಕಾಣುತ್ತಾನೆ. ಆ ಪೂರ್ವಜರ ಕುಲವಾದ, ಇಂದು ಭರ್ಚಿ ಹಿಡಿದ ಐಯೀಲ್ ಜನ ಒಂದು ಕಾಲಕ್ಕೆ ಯಾರ ಮೇಲೂ ಕೈ ಎತ್ತುವುದಿಲ್ಲವೆಂದು ಆಣೆ ಮಾಡಿದ್ದವರು ಎಂಬ ಸತ್ಯ ಕೊನೆಗೆ ತೆರೆದುಕೊಳ್ಳುತ್ತದೆ. ನಾಲ್ಕನೆಯ ಸಂಪುಟದ 25 ಮತ್ತು 26ನೆಯ ಅಧ್ಯಾಯಗಳು. ಇಡೀ ಮಾಲೆಯಲ್ಲಿ ನನಗೆ ಅತಿ ಪ್ರಿಯವಾದ ಪುಟಗಳು ಇವೇ. ಹಾಗಾಗಿ ಹೆದರಿಕೊಂಡೇ ಕುಳಿತಿದ್ದೆ.

ಪುಸ್ತಕದಲ್ಲಿ ರ‍್ಯಾಂಡ್ ಆ ಪೂರ್ವಜರ ಕಣ್ಣಿನೊಳಗಿಂದ ನೋಡುತ್ತಾನೆ. ಅದನ್ನು ತೆರೆಯ ಮೇಲೆ ತರುವುದು ಹೇಗೆ? ಜೋಷಾ ಸ್ಟ್ರಾಡೋವ್ಸ್ಕಿ ಅವರ ಕೈಯಲ್ಲೇ, ಮುಖದ ಮೇಕಪ್ ಬದಲಾಯಿಸಿ, ಪೂರ್ವಜರ ಪಾತ್ರಗಳನ್ನೂ ಮಾಡಿಸಿದ್ದಾರೆ. ಪೂರ್ವಜರಲ್ಲಿ ಕೆಲವರನ್ನು ಬಿಟ್ಟಿದ್ದಾರೆ. ಪುಸ್ತಕ ನಮಗೆ ತೋರಿಸದ ಮೊರೇನ್‌ಳ ಪರೀಕ್ಷೆಯನ್ನು, ಮುಂದಾಗಬಹುದಾದದ್ದನ್ನು ತೋರಿಸುವ ಉಂಗುರಗಳೊಳಗೆ ಅವಳು ಕಂಡ ನೂರಾರು ಸಾವುಗಳನ್ನು ಜೊತೆಗೆ ಹೆಣೆದಿದ್ದಾರೆ. ನಮ್ಮ ಹಳೆಯ ವಿಧಾನದಲ್ಲಿ ಈ ಪುಟವೂ ಅರ್ಧ ಕೆಂಪಾಗುತ್ತಿತ್ತು. ಹೊಸ ಕಾಲಮ್ಮಿನಲ್ಲಿ ಒಂದು ಸಾಲೂ ಖಾಲಿ ಉಳಿಯಲಿಲ್ಲ. ಕಂತು ಮುಗಿದ ಮೇಲೆ ಹುಡುಗ ದೀಪ ಹಾಕದೆ ಕುಳಿತಿದ್ದ. ಸ್ವಲ್ಪ ತಡೆದು, "ಅಕ್ಕಾವರೇ, ನಾಲ್ಕನೆಯ ಸಂಪುಟವನ್ನು ನನಗೆ ಓದಲು ಕೊಡುತ್ತೀರಾ?" ಎಂದ. ಒಂದನೆಯದರಿಂದ ಶುರು ಮಾಡಬೇಕೆಂದು ಅವರು ಗದರಿಸಿದರು, ಆಮೇಲೆ ಎರಡನ್ನೂ ಅವನ ಚೀಲಕ್ಕೆ ಹಾಕಿದರು. ಹುಬ್ಬಳ್ಳಿ ಕಡೆಯ ಕೊನೆಯ ಚಿಗರಿ ಬಸ್ ತಪ್ಪೀತೆಂದು ಇಬ್ಬರೂ ಓಡಿದರು.

ಮುಂದಿನ ಭಾನುವಾರ 21ನೆಯ ಕಂತು. ಅದರ ಮುಂದಿನ ವಾರಗಳಲ್ಲಿ ಕಷ್ಟವಿದೆ. 23ರಲ್ಲಿ ನಾಯಕನ ಗೆಳೆಯ ಲೋಯಲ್ ಸಾಯುತ್ತಾನೆ, 24ರಲ್ಲಿ ಮಾಂತ್ರಿಕೆಯರ ಮುಖ್ಯಸ್ಥೆಯಾಗಿದ್ದ ಸ್ವಾನ್‌ಳ ತಲೆ ಹೋಗುತ್ತದೆ. ಪುಸ್ತಕದಲ್ಲಿ ಇಬ್ಬರೂ ಆ ಘಟ್ಟವನ್ನು ದಾಟಿ ಬದುಕುತ್ತಾರೆ. ಅವುಗಳಿಂದ ಮುಂದೆ ಹುಟ್ಟಬೇಕಾಗಿದ್ದ ಕಥೆಗೆ ಕಂತುಗಳೇ ಇಲ್ಲ. ಆ ಸಾಲುಗಳಲ್ಲಿ ಏನು ಬರೆಯಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಖಾಲಿ ಬಿಡೋಣ ಎನ್ನುತ್ತಾರೆ ಅಕ್ಕಾವರು. ಪೆನ್ಸಿಲಿನಲ್ಲಿ ಬರೆದಿಡೋಣ ಎನ್ನುತ್ತಾನೆ ಗೆಳೆಯ. ಕೆಂಪು ಚೀಟಿ ಮುಗಿಯುತ್ತ ಬಂದಿದೆ. ಎರಡು ಕಟ್ಟು ತರಬೇಕು.