ದೊಡ್ಡ ಕಂಪನಿಯೆಲ್ಲ ಮೊನಾಪಲಿಯೇ?

ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಆ ಕಂಪನಿ ಅಷ್ಟೊಂದು ಬೆಳೆದುಬಿಟ್ಟಿದೆಯಲ್ಲ, ಅದನ್ನು ಮೊನಾಪಲಿ ಅನ್ನಬಹುದಾ?" ಕಂಪನಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ನಿಂತ ನಿಲುವಿನಲ್ಲಿ ಹೌದು ಅಥವಾ ಅಲ್ಲ ಎನ್ನಲು ಬರುವಂಥದ್ದಲ್ಲ, ಹಾಗಾಗಿ ಒಮ್ಮೆ ಬಿಡಿಸಿ ಬರೆದಿಡುತ್ತೇನೆ.

ಮೊನಾಪಲಿ, ಅಂದರೆ ಏಕಸ್ವಾಮ್ಯ, ಎನ್ನಲು ಮೂರು ಸಂಗತಿ ಕೂಡಿಬರಬೇಕು. ಮಾರುವವನು ಒಬ್ಬನೇ ಇರಬೇಕು, ಅವನ ಸರಕಿನ ಜಾಗದಲ್ಲಿ ಬಳಸಬಹುದಾದ ಬೇರೊಂದು ಸಿಗಬಾರದು, ಹೊಸಬರು ಬಂದು ವ್ಯಾಪಾರ ಹೂಡುವ ದಾರಿ ಮುಚ್ಚಿರಬೇಕು. ಇದರಲ್ಲಿ ಗಾತ್ರದ ಮಾತೇ ಇಲ್ಲ. ಹತ್ತಾರು ದೇಶಗಳಲ್ಲಿ ಕಾರ್ಖಾನೆ ಇಟ್ಟುಕೊಂಡ ಕಂಪನಿಗೆ ಸರಿಸಾಟಿಯಾದ ನಾಲ್ಕು ಎದುರಾಳಿಗಳಿದ್ದರೆ ಅದು ಮೊನಾಪಲಿಯಾಗದು. ದ್ವೀಪವೊಂದಕ್ಕೆ ದಾಟಿಸುವ ಒಂದೇ ಒಂದು ದೋಣಿಯವನು ಬಡವನಾದರೂ ಮೊನಾಪಲಿಯೇ. ಯಾರ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ಇಷ್ಟು: ನಾಳೆ ಇವನು ದರ ಏರಿಸಿದರೆ ಕೊಳ್ಳುವವನು ಎಲ್ಲಿಗೆ ಹೋಗುತ್ತಾನೆ?

ಈ ವಿಷಯದಲ್ಲಿ ಅರಿಸ್ಟಾಟಲ್ ಹೇಳುವ ಥೇಲ್ಸ್‌ನ ಕಥೆಯನ್ನು ಮೀರಿಸುವ ಉದಾಹರಣೆ ನನಗಿನ್ನೂ ಸಿಕ್ಕಿಲ್ಲ. ಮುಂದಿನ ಸಲ ಆಲಿವ್ ಬೆಳೆ ಹುಲುಸಾಗಿ ಬರುತ್ತದೆಂದು ಅಂದಾಜು ಮಾಡಿದ ಗ್ರೀಕ್ ತತ್ವಜ್ಞಾನಿ ಥೇಲ್ಸ್, ಚಳಿಗಾಲದಲ್ಲೇ, ಯಾರೂ ಪೈಪೋಟಿಗೆ ಬಾರದ ಹೊತ್ತಿನಲ್ಲಿ, ಮಿಲೇಟಸ್ ಮತ್ತು ಕಿಯೋಸ್‌ನ ಎಣ್ಣೆಗಾಣಗಳಿಗೆಲ್ಲ ಅಲ್ಪಸ್ವಲ್ಪ ಮುಂಗಡ ಕೊಟ್ಟು ಹಿಡಿದಿಟ್ಟುಕೊಂಡ. ಸುಗ್ಗಿ ಬಂದಾಗ ಎಲ್ಲರಿಗೂ ಒಮ್ಮೆಲೇ ಗಾಣ ಬೇಕಾಯಿತು. ಅವನು ಹೇಳಿದ್ದೇ ಬಾಡಿಗೆಯಾಯಿತು. ಥೇಲ್ಸ್ ಗಾಣಗಳ ಒಡೆಯನಲ್ಲ, ಶ್ರೀಮಂತನೂ ಅಲ್ಲ. ಬೆಳೆದವರೆಲ್ಲ ಹಾದುಹೋಗಲೇಬೇಕಾದ ಜಾಗ ಆ ಒಂದು ಸುಗ್ಗಿಯ ಮಟ್ಟಿಗೆ ಅವನ ಕೈಯಲ್ಲಿತ್ತು, ಅಷ್ಟೇ.

ಮುಂದೆ ಬಹುಕಾಲ ಏಕಸ್ವಾಮ್ಯವೆಂಬುದು ಅರಸರು ದಯಪಾಲಿಸುವ ವಸ್ತುವಾಗಿತ್ತು. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯಿಂದ ಎಡ್ವರ್ಡ್ ಡಾರ್ಸಿ ಎಂಬ ಆಸ್ಥಾನಿಕನಿಗೆ ಇಸ್ಪೀಟಿನ ಎಲೆಗಳ ಏಕಸ್ವಾಮ್ಯ ಸಿಕ್ಕಿತ್ತು. ಇನ್ನೊಬ್ಬ ವ್ಯಾಪಾರಿ ತಾನೂ ಮಾರಿದಾಗ ಡಾರ್ಸಿ ನ್ಯಾಯಾಲಯಕ್ಕೆ ಹೋಗಿ ಸೋತ. ಆ ಹಕ್ಕೇ ಅಸಿಂಧು ಎಂದು ತೀರ್ಪಾಯಿತು. 1624ರಲ್ಲಿ ಅಲ್ಲಿನ ಪಾರ್ಲಿಮೆಂಟು ಇಂಥ ಹಕ್ಕುಗಳನ್ನು ಬಹುಮಟ್ಟಿಗೆ ತೊಡೆದುಹಾಕಿ, ಹೊಸ ಆವಿಷ್ಕಾರ ಮಾಡಿದವರಿಗೆ ಮಾತ್ರ 14 ವರ್ಷಗಳ ವಿನಾಯಿತಿ ಉಳಿಸಿತು. ಇವತ್ತಿನ ಪೇಟೆಂಟಿನ ಒಂದು ಬೇರು ಅಲ್ಲಿದೆ. ಅಂದರೆ ಕಾನೂನೇ ಕೈಯಾರೆ ಕೊಡುವ ಏಕಸ್ವಾಮ್ಯಗಳೂ ಇವೆ. "ದೇಶಪ್ರೇಮ ಏನು ನಿಮ್ಮೊಬ್ಬರ ಗುತ್ತಿಗೆಯಾ?" ಎಂದು ನಾವು ಜಗಳದಲ್ಲಿ ಕೇಳುತ್ತೇವಲ್ಲ, ಆ ಮಾತಿನಲ್ಲೂ ಯಾರೋ ಮೇಲಿನವರು ಬರೆದುಕೊಟ್ಟ ಹಕ್ಕಿನ ಈ ಹಳೆಯ ವಾಸನೆ ಇದೆ.

ಗಾತ್ರವನ್ನೂ ಏಕಸ್ವಾಮ್ಯವನ್ನೂ ಒಂದೇ ಎಂದುಕೊಳ್ಳುವುದಕ್ಕೆ ನಮ್ಮ ಕಾನೂನಿನ ಇತಿಹಾಸವೂ ಕಾರಣವಿರಬಹುದು. ಭಾರತದಲ್ಲಿ 1969ರಲ್ಲಿ ಬಂದ ಎಂಆರ್‌ಟಿಪಿ (ಮೊನಾಪಲೀಸ್ ಆ್ಯಂಡ್ ರಿಸ್ಟ್ರಿಕ್ಟಿವ್ ಟ್ರೇಡ್ ಪ್ರಾಕ್ಟೀಸಸ್) ಕಾಯ್ದೆ ಹೆಸರಿನಲ್ಲೇ ಏಕಸ್ವಾಮ್ಯವನ್ನು ಇಟ್ಟುಕೊಂಡು, ಅಳೆಯುವಾಗ ಆಸ್ತಿಯ ಮೊತ್ತ ನೋಡಿತು. ಸಮೂಹದ ಆಸ್ತಿ 20 ಕೋಟಿ ರೂಪಾಯಿ ಮುಟ್ಟಿದರೆ ಹೊಸ ಘಟಕಕ್ಕೂ ವಿಸ್ತರಣೆಗೂ ಸರ್ಕಾರದ ಅಪ್ಪಣೆ ಬೇಕಿತ್ತು. 1985ರಲ್ಲಿ ಆ ಮಿತಿ 100 ಕೋಟಿಗೆ ಏರಿತು, 1991ರಲ್ಲಿ ಅಪ್ಪಣೆಯ ಕಟ್ಟಳೆಯೇ ಹೋಯಿತು. ಅದರ ಬದಲಿಗೆ ಬಂದ 2002ರ ಸ್ಪರ್ಧಾ ಕಾಯ್ದೆಯ ದೃಷ್ಟಿ ಬೇರೆ: ಪ್ರಬಲರಾಗಿರುವುದು ತಪ್ಪಲ್ಲ, ಪ್ರಾಬಲ್ಯವನ್ನು ದುರ್ಬಳಕೆ ಮಾಡಿದರೆ ತಪ್ಪು. ಇದು ಸರಿಯಾದ ದಾರಿ ಎಂದೇ ನನ್ನ ಎಣಿಕೆ. ಒಳ್ಳೆಯ ಸರಕು ಮಾಡಿ ಗಿರಾಕಿಗಳನ್ನು ಗೆದ್ದವನನ್ನು ಗೆದ್ದದ್ದಕ್ಕಾಗಿ ಶಿಕ್ಷಿಸಬಾರದು.

ಆದರೆ ಪ್ರಬಲ ಯಾರು? ಅದನ್ನು ಹೇಳಲು ಮೊದಲು ಮಾರುಕಟ್ಟೆಗೆ ಗೆರೆ ಎಳೆಯಬೇಕು, ನಿಜವಾದ ಜಗಳವೆಲ್ಲ ಇಲ್ಲೇ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಸೆಲೋಫೇನ್ ಎಂಬ ತೆಳು ಪಾರದರ್ಶಕ ಹಾಳೆಯಲ್ಲಿ ಶೇ. 75ರಷ್ಟು ಡುಪಾಂಟ್ ಕಂಪನಿಯದಾಗಿತ್ತು. ಇದು ಏಕಸ್ವಾಮ್ಯ ಎಂದು ಸರ್ಕಾರ ಮೊಕದ್ದಮೆ ಹೂಡಿತು. ಕಂಪನಿ ಹೇಳಿದ್ದೇನೆಂದರೆ, ವಸ್ತುಗಳನ್ನು ಸುತ್ತಿಡಲು ಮೇಣದ ಕಾಗದವಿದೆ, ಅಲ್ಯೂಮಿನಿಯಂ ಹಾಳೆಯಿದೆ, ಬೇರೆ ಬಗೆಯ ಹಾಳೆಗಳಿವೆ, ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ ಎಂದು. ಹಾಗೆ ಹಾಕಿದಾಗ ಅದರ ಪಾಲು ಶೇ. 20ಕ್ಕಿಂತ ಕೆಳಗಿಳಿಯಿತು. 1956ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿಯ ವಾದವನ್ನೇ ಎತ್ತಿಹಿಡಿಯಿತು.

ಆ ತೀರ್ಪು ಎಡವಿತು ಎಂದು ಅನೇಕ ಅರ್ಥಶಾಸ್ತ್ರಜ್ಞರು ಹೇಳಿದ್ದಾರೆ, ನಾನೂ ಒಪ್ಪುತ್ತೇನೆ. ಏಕಸ್ವಾಮ್ಯ ಇರುವವನು ದರವನ್ನು ಏರಿಸುತ್ತ ಹೋಗುತ್ತಾನೆ. ಇನ್ನೊಂದು ಚೂರು ಏರಿಸಿದರೆ ಗಿರಾಕಿ ಬೇರೆ ಏನನ್ನಾದರೂ ಹುಡುಕಿಕೊಂಡಾನು ಎನ್ನುವ ಹಂತದಲ್ಲಿ ನಿಲ್ಲಿಸುತ್ತಾನೆ. ಆ ಹಂತದಲ್ಲಿ ನಿಂತು ನೋಡಿದರೆ, ಮಾಮೂಲಿ ದರದಲ್ಲಿ ಯಾರೂ ಮುಟ್ಟದ ವಸ್ತುವೂ ಬದಲಿಯಂತೆ ಕಾಣುತ್ತದೆ. ಈ ಎಡವಟ್ಟಿಗೆ 'ಸೆಲೋಫೇನ್ ಫ್ಯಾಲಸಿ' ಎಂದೇ ಹೆಸರು. ಫೋನುಗಳ ಆ್ಯಪ್ ಅಂಗಡಿಗಳ ಕುರಿತು ಇಂದು ನಡೆಯುವ ವ್ಯಾಜ್ಯಗಳೂ ಈ ಗೆರೆಯ ಸುತ್ತಲೇ ಸುತ್ತುತ್ತವೆ: ಎಲ್ಲ ಬಗೆಯ ಫೋನುಗಳೂ ಸೇರಿ ಒಂದು ಮಾರುಕಟ್ಟೆಯೇ, ಇಲ್ಲ ಈಗಾಗಲೇ ಒಂದು ಫೋನು ಕೊಂಡವರಿಗೆ ಅದರೊಳಗಿನ ಅಂಗಡಿಯೇ ಇಡೀ ಮಾರುಕಟ್ಟೆಯೇ?

"ಏಕಸ್ವಾಮ್ಯ ಇದ್ದರೆ ಮನಸ್ಸಿಗೆ ಬಂದಷ್ಟು ದರ ಹಾಕುತ್ತಾರೆ" ಎನ್ನುವುದೂ ಪೂರ್ತಿ ನಿಜವಲ್ಲ. ಒಂದು ಲೆಕ್ಕ ನೋಡಿ. ಒಂದು ವಸ್ತು ತಯಾರಿಸಲು 5 ರೂಪಾಯಿ ಖರ್ಚು. 10 ರೂಪಾಯಿಗೆ ಮಾರಿದರೆ 100 ಜನ ಕೊಳ್ಳುತ್ತಾರೆ, ಲಾಭ 500. ದರ 15 ಆದರೆ 80 ಜನ ಉಳಿಯುತ್ತಾರೆ, ಲಾಭ 800. 20 ಮಾಡಿದರೆ 40 ಜನರಷ್ಟೇ, ಲಾಭ 600ಕ್ಕೆ ಇಳಿಯುತ್ತದೆ. ಹಾಗಾಗಿ ಅವನು 15ಕ್ಕೆ ನಿಲ್ಲುತ್ತಾನೆ. ಕೊಂಡ 80 ಜನ ಹೆಚ್ಚಿಗೆ ತೆತ್ತದ್ದು ಅವನ ಜೇಬಿಗಾದರೂ ಹೋಯಿತು. ವಸ್ತುವಿಲ್ಲದೆ ಹಿಂದಿರುಗಿದ 20 ಜನರ ನಷ್ಟ ಯಾರಿಗೂ ಲಾಭವಾಗಿ ಸಿಗಲಿಲ್ಲ. ಏಕಸ್ವಾಮ್ಯದ ಮೇಲೆ ಅರ್ಥಶಾಸ್ತ್ರದ ಮುಖ್ಯ ದೂರು ಈ 20 ಜನರ ಪರವಾಗಿದೆ, ಮತ್ತು ಯಾವ ರಸೀತಿಯಲ್ಲೂ ಅವರ ಹೆಸರಿರುವುದಿಲ್ಲ.

ದರ ಇಳಿಯುತ್ತಿದ್ದರೂ ಏಕಸ್ವಾಮ್ಯ ಇರಬಹುದು ಎಂಬುದಕ್ಕೆ ರಾಕ್‌ಫೆಲ್ಲರನ ಸ್ಟ್ಯಾಂಡರ್ಡ್ ಆಯಿಲ್ ಸಾಕ್ಷಿ. ಅಮೆರಿಕದ ತೈಲ ಶುದ್ಧೀಕರಣದ ಸುಮಾರು ಶೇ. 90ರಷ್ಟು ಅದರ ಹಿಡಿತದಲ್ಲಿದ್ದ ದಿನಗಳಲ್ಲೂ ಸೀಮೆಎಣ್ಣೆ ಅಗ್ಗವಾಗುತ್ತಲೇ ಇತ್ತು. ಆದರೆ ರೈಲು ಕಂಪನಿಗಳಿಂದ ಗುಟ್ಟಾಗಿ ರಿಯಾಯಿತಿ ಪಡೆದು ಅದು ಎದುರಾಳಿಗಳ ಉಸಿರುಗಟ್ಟಿಸಿತ್ತು. 1911ರಲ್ಲಿ ಕೋರ್ಟು ಅದನ್ನು 34 ಕಂಪನಿಗಳಾಗಿ ಒಡೆಯಿತು.

ನೀರಿನ ಪೈಪು, ವಿದ್ಯುತ್ ತಂತಿಗಳಂಥವು ಬೇರೆಯೇ ಜಾತಿ. ಒಂದೇ ಬೀದಿಯಲ್ಲಿ ಮೂರು ಕಂಪನಿಗಳು ಮೂರು ಸಲ ಅಗೆದು ಪೈಪು ಹಾಕಿದರೆ ಎಲ್ಲರಿಗೂ ದುಬಾರಿ. ಇಂಥ ಸಹಜ ಏಕಸ್ವಾಮ್ಯವನ್ನು ಒಡೆಯುವುದಕ್ಕಿಂತ ಒಬ್ಬರಿಗೇ ಬಿಟ್ಟು, ದರ ನಿಗದಿಯನ್ನು ನಿಯಂತ್ರಕರ ಕೈಗೆ ಕೊಡುವುದು ವಾಡಿಕೆ. ಇನ್ನು ನಾಲ್ಕಾರು ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಒಂದೇ ದರ ಹಾಕಿದರೆ ಅದನ್ನೂ ಜನ ಮೊನಾಪಲಿ ಅನ್ನುತ್ತಾರೆ. ಅದರ ಸರಿಯಾದ ಹೆಸರು ಕಾರ್ಟೆಲ್, ಮತ್ತು ಅಲ್ಲಿ ಆ ಒಳ ಒಪ್ಪಂದವೇ ಅಪರಾಧ.

ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಮಾರುವವರು ಬಹಳ ಮಂದಿಯಿದ್ದು ಕೊಳ್ಳುವವನು ಒಬ್ಬನೇ ಆದರೆ? ಇದಕ್ಕೆ ಮೊನಾಪ್ಸನಿ ಎನ್ನುತ್ತಾರೆ. 1933ರಲ್ಲಿ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಈ ಪದವನ್ನು ಚಾಲ್ತಿಗೆ ತಂದರು. ಒಂದೇ ಕಾರ್ಖಾನೆಯಿರುವ ಪಟ್ಟಣದ ಕೆಲಸಗಾರ, ಒಂದೇ ಗಿರಣಿಗೆ ಹಾಕಬೇಕಾದ ಬೆಳೆಗಾರ ಈ ಕಡೆಯವರು. ಇಲ್ಲಿ ಬಿಸಿ ತಟ್ಟುವುದು ಅಂಗಡಿಯ ದರದಲ್ಲಲ್ಲ, ಕೈಗೆ ಬರುವ ಸಂಬಳದಲ್ಲಿ. ಅಂಗಡಿಯಲ್ಲಿ ಎಲ್ಲ ಅಗ್ಗವಾಗಿಯೇ ಸಿಗುತ್ತಿರುತ್ತದೆ, ಆದ್ದರಿಂದ ಯಾರಿಗೂ ಮೊನಾಪಲಿಯ ನೆನಪಾಗುವುದಿಲ್ಲ. ಅಂಥ ಕಡೆ ನಾನು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇನೆ: ಈ ಮನುಷ್ಯ ನಾಳೆ ಕೆಲಸ ಬಿಟ್ಟರೆ, ಇದೇ ಕಸುಬಿಗೆ ಸಂಬಳ ಕೊಡುವ ಇನ್ನೊಬ್ಬರು ಅವನಿಗೆ ಎಟುಕುವ ದೂರದಲ್ಲಿ ಇದ್ದಾರೆಯೇ?